ಡೇರೆ ಹೂವಿನ ಗಂಡಸುತನ

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ, ಸೆಪ್ಟೆಂಬರ್ ಹದಿನಾಲ್ಕು, ಶನಿವಾರ. ಬೆಳಗ್ಗೆ ಆರೂವರೆಗೆ ಸಂಸೆಯ ಚನ್ನಕೇಶವ ಮೇಷ್ಟರ ಅಂಗಳದ ಡೇರೆ, ಎಂದರೆ ಡಾಲಿಯಾ, ಹೂವಿನಲ್ಲಿ ನೂರ ಅರವತ್ತಮೂರು ಎಸಳುಗಳಿದ್ದವು. ಮೇಷ್ಟರು ಎರಡು ಸಲ ಎಣಿಸಿದರು. ಎರಡು ಸಲವೂ ಅದೇ ಲೆಕ್ಕ ಬಂತು.

ಚನ್ನಕೇಶವರು ಹೈಸ್ಕೂಲಿನ ವ್ಯಾಯಾಮದ ಮೇಷ್ಟರು. ಅವರ ಮೀಸೆ ಕಬಡ್ಡಿ ಅಂಕಣದ ಗೆರೆಯಷ್ಟು ನೇರ. ಅವರು ಸೀಟಿ ಊದಿದರೆ ಎದುರು ದಿಬ್ಬದಲ್ಲಿ ಮೇಯುವ ದನವೂ ಸಾಲಿಗೆ ನಿಲ್ಲುತ್ತಿತ್ತು. ಇಂಥವರು ಬೆಳಕು ಹರಿಯುವ ಮುನ್ನ ಎದ್ದು ಡೇರೆ ಸಾಕುತ್ತಾರೆಂಬುದು ಪತ್ನಿ ತ್ರಿಪುರಸುಂದರಿಯವರ ಹೊರತು ಯಾರಿಗೂ ತಿಳಿಯದು. ಕಳಸದ ಮಹಿಳಾ ಸಂಘದ ಪುಷ್ಪಪ್ರದರ್ಶನದಲ್ಲಿ ಅವರ ಹೂವು ಒಂಬತ್ತು ಸಲ ಮೊದಲ ಬಹುಮಾನ ಪಡೆದಿತ್ತು. ಸ್ಪರ್ಧೆ ಸ್ತ್ರೀಯರಿಗೆ ಮಾತ್ರ. ಆದ್ದರಿಂದ ಒಂಬತ್ತು ಸಲವೂ ಧ್ವನಿವರ್ಧಕದಲ್ಲಿ ಕೇಳಿದ್ದು ಹೆಂಡತಿಯ ಹೆಸರು.

ಈ ಸಲ ಹೆಂಡತಿ ಕೈ ಚೆಲ್ಲಿದರು.

"ಹೋದ ವರ್ಷ ಸ್ಟೇಜ್ ಮೇಲೆ ಗೊಬ್ಬರ ಎಂತ ಹಾಕ್ತೀರಿ ಅಂತ ಕೇಳಿದ್ರು. ಬೇಳೆ ತೊಳೆದ ನೀರು ಅಂದೆ. ಎಲ್ಲರೂ ಬರ್ಕಂಡ್ರು. ಪಾಪ, ಎಷ್ಟು ಜನರ ಗಿಡ ಕೊಳೀತೋ! ನನ್ನ ಕೈಲಿ ಇನ್ನಾಗಲ್ಲ ಕಣ್ರಿ. ನಿಮ್ಮ ಹೂವು, ನೀವೇ ಹೊತ್ಕಂಡು ಹೋಗಿ."

"ಜನ ಎಂತ ಅಂತಾರೆ?"

"ಎಂತ ಅಂತಾರೆ? ಮೈಕಲ್ಲಿ ನಿಮ್ಮ ಹೆಸ್ರು ಕೂಗ್ತಾರೆ."

ಆ ಮಾತು ನಾಟಿತು. ಒಮ್ಮೆ, ಒಂದೇ ಒಮ್ಮೆ, ಕಳಸದ ಧ್ವನಿವರ್ಧಕದಲ್ಲಿ ತನ್ನ ಹೂವಿಗೆ ತನ್ನ ಹೆಸರು ಕೇಳಬೇಕು. ಮೇಷ್ಟರಿಗೆ ಬೇರೆ ಆಸೆ ಇರಲಿಲ್ಲ.

ಕಳಸಕ್ಕೆ ಬಾಡಿಗೆ ಓಡಿಸುವ ಕಲ್ಲೇಶನ ಜೀಪಿನ ಮುಂದಿನ ಸೀಟಿನಲ್ಲಿ ಅವರು ಕುಂಡವನ್ನು ತೊಡೆಯ ಮೇಲಿಟ್ಟು, ಚೊಚ್ಚಲ ಮಗುವನ್ನು ಆಸ್ಪತ್ರೆಯಿಂದ ತರುವ ತಂದೆಯಂತೆ ಉಸಿರು ಬಿಗಿಹಿಡಿದು ಕುಳಿತರು.

"ಎಂತ ಮೇಷ್ಟ್ರೇ, ತ್ರಿಪುರಕ್ಕಂಗೆ ಹುಷಾರಿಲ್ವಾ?" ಎಂದ ಕಲ್ಲೇಶ.

"ಹುಷಾರಾಗಿದ್ದಾಳೆ. ಹೂವು ನಂದು."

ಕಲ್ಲೇಶ ಬ್ರೇಕ್ ತುಳಿದ. "ನಿಮ್ದಾ! ಕೇಳಿದ್ರಾ ಹಿಂದೆ ಕೂತೋರು? ಮೇಷ್ಟ್ರು ಹೂವು ಬೆಳೀತಾರಂತೆ!"

ಹಿಂದೆ ಮೆಣಸಿನ ಮೂಟೆಗೆ ಒರಗಿದ್ದ ವ್ಯಾಪಾರಿ ಓಂಕಾರಪ್ಪನಿಗೆ ಅಷ್ಟೇ ಸಾಕಾಗಿತ್ತು. "ಸೋಮವಾರದಿಂದ ಬಳೆ ಹಾಕ್ಕಂಡು ಡ್ರಿಲ್ ಮಾಡಿಸ್ತಾರೇನೋ ಮಾರಾಯ!"

"ಅರ್ಜುನನೂ ಬಳೆ ಹಾಕ್ಕಂಡಿದ್ದ ಓಂಕಾರಪ್ಪನವ್ರೇ. ವಿರಾಟನ ದನ ಬಿಡಿಸ್ಕಂಡು ಬಂದೋನೂ ಅವನೇ," ಎಂದರು ಮೇಷ್ಟರು, ತಿರುಗಿ ನೋಡದೆ.

ಜೀಪು ನಗೆಯಿಂದ ಅಲುಗಿತು. ಮುಂದಿನ ತಿರುವಿನಲ್ಲಿ ಮೂಟೆ ಮೇಷ್ಟರ ಹೆಗಲಿಗೆ ವಾಲಿತು. ಎರಡು ಎಸಳು ಉದುರಿದವು. ಉಳಿದದ್ದು ನೂರ ಅರವತ್ತೊಂದು.

ಸಭಾಂಗಣದ ಮೇಜಿನ ಮೇಲೆ ಆಗಲೇ ಇಪ್ಪತ್ತಮೂರು ಕುಂಡಗಳಿದ್ದವು. ಪ್ರತಿಯೊಂದಕ್ಕೂ ಒಬ್ಬೊಬ್ಬ ಹೆಂಗಸಿನ ಹೆಸರಿನ ಚೀಟಿ. ಸಂಘದ ಅಧ್ಯಕ್ಷೆ ಹಮೀದುನ್ನೀಸಾ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರೆದುರು ಈಗಲೂ ಊರಿನ ಅರ್ಧ ಜನ ಕೈಕಟ್ಟಿ ನಿಲ್ಲುತ್ತಿದ್ದರು.

"ತ್ರಿಪುರಸುಂದರಿ ಅಂತ ಬರೀಲಾ ಮೇಷ್ಟ್ರೇ?"

"ಚನ್ನಕೇಶವ ಅಂತ ಬರೀರಿ ಮೇಡಂ."

ಪೆನ್ನು ನಿಂತಿತು. "ಹೂವು ಹೆಂಗಸರ ವಿಷಯ. ನಿಮಗೆ ವಾಲಿಬಾಲ್ ಉಂಟಲ್ಲ?"

ಜೀಪಿನವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೇಷ್ಟರು ಕುಂಡವನ್ನು ಮೇಜಿನ ಮೇಲಿಟ್ಟು ಎದೆ ಸೆಟೆಸಿದರು. ಮುಂದಿನ ನಾಲ್ಕು ನಿಮಿಷ ಅವರು ಆಡಿದ ಮಾತು, ನ್ಯಾಯವಾಗಿ ಹೇಳಬೇಕೆಂದರೆ, ಸೊಗಸಾಗಿತ್ತು.

"ಹೂವು ಹೆಂಗಸರದ್ದು ಅಂತ ಯಾರು ಹೇಳಿದ್ರು ಮೇಡಂ? ಸೌಗಂಧಿಕಾ ಹೂವಿಗೆ ಗಂಧಮಾದನ ಪರ್ವತ ಹತ್ತಿದೋನು ಭೀಮ. ಪಾರಿಜಾತಕ್ಕಾಗಿ ಇಂದ್ರನ ಮೇಲೆ ಯುದ್ಧಕ್ಕೆ ಹೋದೋನು ಕೃಷ್ಣ. ಮನ್ಮಥನ ಬತ್ತಳಿಕೇಲಿ ಕಬ್ಬಿಣ ಇಲ್ಲ, ಬರೀ ಐದು ಹೂವು. ಶಿವ ಕೂಡ ತಡ್ಕಳ್ಳಲಿಕ್ಕೆ ಆಗ್ಲಿಲ್ಲ. ನಿಮ್ಮ ಬಚ್ಚಲು ಹಿಂದೆ ತಾನಾಗೇ ಏಳೋ ಗಿಡಕ್ಕೆ ಕರ್ಣಕುಂಡಲ ಅಂತೀವಿ. ದಾನ ಕೇಳಿದ್ರೆ ಕಿವಿ ಕೊಯ್ದು ಕೊಟ್ಟ ಗಂಡಸಿನ ಓಲೆ ಅದು! ಗೇಟಿನ ಮೇಲಿನ ಕಾಗದದ ಹೂವಿಗೆ ಇಂಗ್ಲಿಷಿನಲ್ಲಿ ಇರೋದು ಭೂಮಿ ಸುತ್ತಿ ಬಂದ ಫ್ರೆಂಚ್ ಹಡಗಿನ ನಾಯಕನ ಹೆಸ್ರು. ಈ ಡೇರೆಗೆ ಡಾಲಿಯಾ ಅನ್ನೋದು ಸ್ವೀಡನ್ ದೇಶದ ಡಾಲ್ ಅನ್ನೋ ಪಂಡಿತನ ಹೆಸ್ರಿಂದ. ಒಬ್ಬಳಾದ್ರೂ ಹೆಂಗಸು ಉಂಟಾ ಇದರಲ್ಲಿ?"

ಬಾಗಿಲಲ್ಲಿ ಯಾರೂ ನಗಲಿಲ್ಲ. ಓಂಕಾರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಹಮೀದುನ್ನೀಸಾ ಕನ್ನಡಕ ಒರೆಸಿಕೊಂಡರು. "ಭೀಮ ತಂದಿದ್ದು ದ್ರೌಪದಿಗೆ. ಕೃಷ್ಣ ತಂದಿದ್ದು ಸತ್ಯಭಾಮೆಗೆ. ಕಿತ್ಕಂಡು ಬಂದೋರು ಗಂಡಸರು, ಒಪ್ಪಿದೆ. ಬೆಳೆದೋರು ಯಾರು?"

ಮೇಷ್ಟರು ಎರಡೂ ಕೈ ಚಾಚಿದರು. ಉಗುರಿನೊಳಗೆ ಕಪ್ಪು ಮಣ್ಣು, ಬೆರಳಿನ ಗೆಣ್ಣುಗಳಲ್ಲಿ ಒಡಕು, ಅಂಗೈಯಲ್ಲಿ ಎಷ್ಟು ಸೋಪು ಹಾಕಿದರೂ ಹೋಗದ ಮೀನುಗೊಬ್ಬರದ ವಾಸನೆ. ಅಧ್ಯಕ್ಷೆ ಕನ್ನಡಕ ಏರಿಸಿ ನೋಡಿದರು.

"ನೀವು ಗೆದ್ರಿ. ಗಂಡಸರದ್ದೇ ಒಂದು ವಿಭಾಗ ಇಡೋಣ. ಅದನ್ನೂ ಹೆಂಗಸರ ಹೂವಿನ ಜೊತೆಗೇ ತೂಗಿದ್ರೆ ಆಗಲ್ವಾ?"

"ಆಗಲ್ಲ ಮೇಡಂ. ಹೂವಿನ ಗಂಡಸುತನ ಅಳೀಲಿಕ್ಕೆ ಗಂಡಸಿನ ಕಣ್ಣೇ ಬೇಕು. ಹೆಂಗಸರಿಗೆ ಅದು ಕಾಣ್ಸಲ್ಲ," ಎಂದು ಮೇಷ್ಟರು ಮೇಜು ಗುದ್ದಿದರು.

ಗುದ್ದಿಗೆ ಮೂರು ಎಸಳು ಉದುರಿದವು. ಮಾತು ಅದಕ್ಕಿಂತ ದುಬಾರಿಯಾಯಿತು.

ಅಧ್ಯಕ್ಷೆ ಮೈಕಿನಲ್ಲಿ ಪುರುಷರ ವಿಭಾಗವನ್ನು ಸಾರಿದರು. ಬಾಗಿಲಲ್ಲಿ ಕಲ್ಲೇಶ ಕೈ ಎತ್ತಿದ.

"ಮೇಡಂ, ಆ ಮೂಲೆ ಕೆಂಪು ಡೇರೆ ನಮ್ಮ ಪಂಚಮಿದಲ್ಲ. ನಂದು."

"ಅಬ್ಬ, ಕಡೆಗೂ ಬಾಯ್ಬಿಟ್ರಲ್ಲ!" ಎಂದಳು ಅವನ ಹೆಂಡತಿ ಪಂಚಮಿ. "ಅದಕ್ಕೆ ನೀರು ಹೊಯ್ಯೋ ಟೈಮಲ್ಲಿ ಮನೆಗೆ ನೀರು ತಂದಿದ್ರೆ ಆಗ್ತಿತ್ತು."

ಓಂಕಾರಪ್ಪ ಮಗಳು ಅರ್ಪಿತಾಳ ಹೆಸರಿನ ಗುಲಾಬಿಯ ಹಿಂದೆ ಹೋಗಿ ನಿಂತ. ಆಮೇಲೆ ಬಂದದ್ದು ಅಧ್ಯಕ್ಷೆಯ ಯಜಮಾನರು, ಗ್ಯಾರೇಜಿನ ಇದ್ರೀಸ್. ತಂಗಿ ಜೋಯಾಳ ಹೆಸರಿನ ಚೀಟಿಯನ್ನು ಅವರು ಗ್ರೀಸ್ ಹತ್ತಿದ ಬೆರಳಿನಿಂದ ಕಿತ್ತರು.

"ನಿಮ್ದೂನಾ?" ಎಂದರು ಹಮೀದುನ್ನೀಸಾ, ಮೈಕ್ ಮುಚ್ಚುವುದನ್ನೂ ಮರೆತು.

"ಗ್ಯಾರೇಜ್ ಹಿಂದೆ ಟಯರಲ್ಲಿ ಬೆಳೆಸಿದ್ದು. ನೀನು ನಗ್ತೀಯ ಅಂತ ಹೇಳಿರ್ಲಿಲ್ಲ."

ಅಧ್ಯಕ್ಷೆ ನಗಲಿಲ್ಲ. ಆ ಹೂವನ್ನು ಬಗ್ಗಿ ನೋಡಿದರು.

ಕೊನೆಗೆ ತೀರ್ಪುಗಾರರ ಕುರ್ಚಿಯಿಂದ ಬಸವರಾಜಪ್ಪನವರು ಎದ್ದರು. ಪ್ರತಿವರ್ಷ ಬಹುಮಾನ ನಿರ್ಧರಿಸುತ್ತಿದ್ದ ಹಿರಿಯರು ಅವರು. "ಆ ಬಿಳಿ ಸೇವಂತಿಗೆ… ಸೊಸೆ ಹೆಸ್ರಲ್ಲಿರೋದು…"

"ಅಂದ್ರೆ ಇಷ್ಟು ವರ್ಷ ನಿಮಗೆ ನೀವೇ ಎರಡನೇ ಬಹುಮಾನ ಕೊಟ್ಕಂಡ್ರಾ?" ಎಂದರು ಅಧ್ಯಕ್ಷೆ.

"ಮೊದಲನೇದು ಕೊಡ್ಲಿಕ್ಕೆ ಮನಸ್ಸಾಕ್ಷಿ ಒಪ್ಲಿಲ್ಲ ಮೇಡಂ."

ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಕುಂಡಗಳು ಪುರುಷರ ಮೇಜಿಗೆ ಸರಿದವು. ಸ್ತ್ರೀಯರ ಮೇಜಿನಲ್ಲಿ ಉಳಿದದ್ದು ನಾಲ್ಕು. ಆ ಹತ್ತೊಂಬತ್ತು ಗಂಡಸರು ತಮ್ಮ ತಮ್ಮ ಹೂವಿನ ಹಿಂದೆ ಗಡಿ ಕಾಯುವ ಸೈನಿಕರಂತೆ ನಿಂತದ್ದು ನೋಡತಕ್ಕ ದೃಶ್ಯ. ಆದರೆ ತೀರ್ಪುಗಾರರೇ ಸ್ಪರ್ಧಿಯಾದ್ದರಿಂದ ತೀರ್ಪು ಹೇಳಲು ಯಾರೂ ಇರಲಿಲ್ಲ.

"ನೀವೇ ನೋಡಿ ಮೇಡಂ," ಎಂದಳು ಪಂಚಮಿ.

"ನಾನು ಹೆಂಗಸು. ನಂಗೆ ಕಾಣ್ಸಲ್ಲ ಅಂತ ಮೇಷ್ಟ್ರು ಹೇಳಿದ್ದಾರೆ," ಎಂದರು ಹಮೀದುನ್ನೀಸಾ. "ಗಂಡಸಿನ ಕಣ್ಣೇ ಬೇಕಂತೆ. ಅವರ ಕಣ್ಣೇ ಆಗ್ಲಿ. ಇಷ್ಟು ತಿಳಿದೋರು ಕಳಸದಲ್ಲಿ ಇನ್ಯಾರಿದ್ದಾರೆ? ತೀರ್ಪುಗಾರರ ಕುಂಡ ಮಾತ್ರ ಹೊರಗಿಡಬೇಕು."

ಹತ್ತೊಂಬತ್ತು ಜನ ಚಪ್ಪಾಳೆ ತಟ್ಟಿದರು. ಮೇಷ್ಟರ ಕುಂಡ ಹೊರಗಿನ ಮೆಟ್ಟಿಲಿಗೆ ಹೋಯಿತು.

ಮೇಷ್ಟರು ಮೇಜಿನ ಉದ್ದಕ್ಕೂ ಎರಡು ಸಲ ನಡೆದರು. ಅಪ್ರಾಮಾಣಿಕತೆ ಅವರಿಗೆ ಬಾರದು. ಕಲ್ಲೇಶನ ಹೂವಿನಲ್ಲಿ ಒಂದು ಎಸಳೂ ಓರೆಯಾಗಿರಲಿಲ್ಲ. ಅವರು ಮೈಕ್ ಹಿಡಿದು, ಒಂಬತ್ತು ವರ್ಷ ಕಾದಿದ್ದ ಧ್ವನಿವರ್ಧಕದಲ್ಲಿ, "ಮೊದಲ ಬಹುಮಾನ, ಕಲ್ಲೇಶ್" ಎಂದರು.

ಕಲ್ಲೇಶ ಓಡಿಬಂದು ಮೈಕ್ ಇಸಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಸುಳ್ಳು ಹೇಳಲ್ಲ. ಈ ಗೆಡ್ಡೆ ನಂದಲ್ಲ. ಎರಡು ವರ್ಷದ ಹಿಂದೆ ಸಂಸೇಲಿ ನಮ್ಮವಳು ಇಸ್ಕಂಡು ಬಂದಿದ್ದು. ಈ ಚಪ್ಪಾಳೆ ಎಲ್ಲ ಅದನ್ನ ಕೊಟ್ಟ ತ್ರಿಪುರಸುಂದರಿಯಕ್ಕಂಗೆ!"

ಹೆಸರು ಪೇಟೆಯ ಕೊನೆಯ ಅಂಗಡಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಚಪ್ಪಾಳೆ ಒಂದು ನಿಮಿಷ ನಿಲ್ಲಲಿಲ್ಲ.

ಮರಳುವಾಗ ಮೇಷ್ಟರು ಮತ್ತೆ ಮುಂದಿನ ಸೀಟಿನಲ್ಲಿ ಕುಳಿತರು. ಒಂದು ಬಣ್ಣದ ಗೆಡ್ಡೆ ಪಡೆದವರು ಇನ್ನೊಂದು ಬಣ್ಣದ ಗೆಡ್ಡೆ ತಿರುಗಿ ಕೊಡಬೇಕೆಂಬುದು ಈ ಕಡೆಯ ವಾಡಿಕೆ.

"ಎರಡು ವರ್ಷ ಆಯ್ತಲ್ಲ ಕಲ್ಲೇಶ, ಬದಲಿ ಗೆಡ್ಡೆ ಎಲ್ಲಿ?"

"ಅಯ್ಯೋ, ಈಗ ಕೊಡೋದು ಹ್ಯಾಗೆ ಮೇಷ್ಟ್ರೇ? ತೀರ್ಪುಗಾರರಿಗೆ ಲಂಚ ಕೊಟ್ಟ ಹಾಗಾಗ್ತದೆ."

ಮುಂದಿನ ಐದು ವರ್ಷಗಳಿಗೂ ಚನ್ನಕೇಶವ ಮೇಷ್ಟರೇ ತೀರ್ಪುಗಾರರೆಂದು ಸಂಘ ಅಂದು ಸಂಜೆಯೇ ಠರಾವು ಮಾಡಿತು. ಗೆಡ್ಡೆ ಬಾಕಿ ಉಳಿಯಿತು.