ಕಾಲಡಿಯ ಹೆಸರು

ಹೆಸರನ್ನು ನೆಲದ ಮೇಲೆ ಬರೆಯುವುದು ಬೇಡವೆಂದು ಪೇಂಟರ್ ಎರಡು ಸಲ ಹೇಳಿ ನೋಡಿದ. ಮೂರನೆಯ ಸಲ ಹೇಳುವ ಧೈರ್ಯ ಬರಲಿಲ್ಲ. ರೋಗಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಎರಡೂವರೆ ತಿಂಗಳಾಗಿತ್ತು. ಮುಚ್ಚಿದ ಅಂಗಡಿಗೆ ಬೋರ್ಡು ಬರೆಸುವವರು ಯಾರು? ಬ್ರಷ್ಷುಗಳೆಲ್ಲ ಒಣಗಿ ಅವನ ಗಡ್ಡಕ್ಕಿಂತ ಒರಟಾಗಿದ್ದವು. ಅಂಥ ಹೊತ್ತಿನಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಕೆಲಸ ತಾನಾಗಿಯೇ ಸ್ಕೂಟರ್ ಹತ್ತಿ ಮನೆ ಬಾಗಿಲಿಗೆ ಬಂದಿತ್ತು.

ಸ್ಕೂಟರಿನಲ್ಲಿ ಬಂದವನು ವಾರ್ಡಿನ ಸದಸ್ಯರ ಸಹಾಯಕ. ಸದಸ್ಯರ ಬಲಗೈ ನಾನೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದುದರಿಂದ ಬೀದಿಯವರು ಅವನಿಗೆ ಬಲಗೈ ಎಂದೇ ಹೆಸರಿಟ್ಟಿದ್ದರು.

“ದಿನಸಿ ಅಂಗಡಿ ಮುಂದೆ ನಲವತ್ತು ರೌಂಡು ಹಾಕು. ಒಂದಕ್ಕೂ ಇನ್ನೊಂದಕ್ಕೂ ಆರಡಿ. ಜನ ಅದರೊಳಗೇ ನಿಂತ್ಕೋಬೇಕು. ಪ್ರತಿ ರೌಂಡಿನೊಳಗೂ ಜನನಾಯಕ ಅಂತ ಹಾಕಿ ಸದಸ್ಯರ ಹೆಸರು ಬರಿ. ಯಾರು ಮಾಡಿಸಿದ್ದು ಅಂತ ಗೊತ್ತಾಗ್ಬೇಕಲ್ಲ?”

“ಅಲ್ಲ ಸಾರ್, ಜನ ಅದರ ಮೇಲೇ ಕಾಲಿಡ್ತಾರಲ್ಲ...”

“ಅವರು ತಳಮಟ್ಟದಿಂದ ಬಂದ ನಾಯಕರು. ತಳದಲ್ಲೇ ಇರ್ಲಿ ಬಿಡು.”

“ಹಾಗಲ್ಲ ಸಾರ್, ಚಪ್ಪಲಿ...”

“ನೀನು ಬರೆಯೋನೋ, ಭಾಷಣ ಮಾಡೋನೋ?” ಎಂದು ಬಲಗೈ ಬಣ್ಣದ ಡಬ್ಬಿ ಇಳಿಸಿದ. “ಬೇಗ ಒಣಗೋ ಬಣ್ಣ. ಮುಂದಿನ ಚುನಾವಣೆವರೆಗೂ ಅಳಿಸಿಹೋಗಬಾರದು, ಅಂಥದ್ದು ತಂದಿದ್ದೀನಿ.”

ಪೇಂಟರ್ ಬರೆಯುವವನೇ. ಒಮ್ಮೆ ಬ್ರಷ್ಷು ಕೈಗೆ ಬಂದಮೇಲೆ ಅವನಿಗೆ ಚಪ್ಪಲಿಯೂ ಮರೆತುಹೋಯಿತು, ರಾಜಕೀಯವೂ ಮರೆತುಹೋಯಿತು. ಎರಡೂವರೆ ತಿಂಗಳ ಹಸಿವನ್ನೆಲ್ಲ ಅಕ್ಷರಗಳ ಮೇಲೆ ತೀರಿಸಿಕೊಂಡ. ಒತ್ತಕ್ಷರಗಳಿಗೆ ಬಾಲ ಬಂತು, ತಲೆಕಟ್ಟುಗಳಿಗೆ ಬಳುಕು ಬಂತು, ಪ್ರತಿ ಅಕ್ಷರಕ್ಕೂ ಬೂದುಬಣ್ಣದ ನೆರಳು ಬಂತು. ಹತ್ತು ಗಂಟೆಗೆ ಅಂಗಡಿ ತೆರೆಯುವ ಹೊತ್ತಿಗೆ ರಸ್ತೆಯ ಮೇಲೆ ನಲವತ್ತು ವೃತ್ತ, ನಲವತ್ತು ಜನನಾಯಕರು. ಅವನು ಬೆನ್ನು ನೆಟ್ಟಗೆ ಮಾಡಿ, ಸೊಂಟಕ್ಕೆ ಕೈಕೊಟ್ಟು, ಮಗುವನ್ನು ಶಾಲೆಗೆ ಕಳಿಸಿದ ತಂದೆಯಂತೆ ನಿಂತು ನೋಡಿದ.

ಮೊದಲು ಬಂದವಳು ಹೊಲಿಗೆಯಾಕೆ. ವೃತ್ತದ ಹತ್ತಿರ ಬಂದು, ಓದಿ, ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಅಯ್ಯೋ, ಮನುಷ್ಯರ ಹೆಸರು ತುಳಿಯೋದಾ? ನನ್ನ ಕೈಲಾಗಲ್ಲಪ್ಪ.”

ಆಕೆ ವೃತ್ತದ ಹೊರಗೆ ನಿಂತಳು. ಎರಡನೆಯವರು ಆಕೆಯ ಪಕ್ಕ ನಿಂತರು, ಮೂರನೆಯವರು ಎರಡನೆಯವರಿಗೆ ಅಂಟಿಕೊಂಡರು. ಕಾಲು ಗಂಟೆಯಲ್ಲಿ ನಲವತ್ತು ವೃತ್ತಗಳು ಖಾಲಿ, ಅವುಗಳ ಪಕ್ಕದ ಒಂದಡಿ ಜಾಗದಲ್ಲಿ ಇಡೀ ಬೀದಿ ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತಿಕೊಂಡು ನಿಂತಿತ್ತು. ರೋಗಕ್ಕೆ ಇದಕ್ಕಿಂತ ಒಳ್ಳೆಯ ಸೌಕರ್ಯ ಯಾರೂ ಮಾಡಿಕೊಡಲಾರರು.

ಆಗ ಬಂದ ಕ್ಷೌರದಂಗಡಿಯವನು. ಇವನ ಅಂಗಡಿಗೂ ಎರಡೂವರೆ ತಿಂಗಳಿಂದ ಬೀಗ. ಸಂಪಾದನೆ ಹೋದದ್ದಕ್ಕಿಂತ ಮಾತಾಡಲು ತಲೆಗಳೇ ಇಲ್ಲದೆ ಹೋದದ್ದು ಅವನನ್ನು ಸೊರಗಿಸಿತ್ತು. ಅವನು ವೃತ್ತದೊಳಗಿನ ಹೆಸರನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದ. ಆಮೇಲೆ ಮನೆಗೆ ಹೋದ. ಐದು ನಿಮಿಷದಲ್ಲಿ ಚಪ್ಪಲಿಯ ಬದಲು ದಪ್ಪ ಬೂಟು ಹಾಕಿಕೊಂಡು ವಾಪಸು ಬಂದ.

“ಹದಿನೆಂಟು ದಿನದಿಂದ ನಲ್ಲಿಯಲ್ಲಿ ನೀರಿಲ್ಲ,” ಎಂದು ವೃತ್ತದೊಳಗೆ ನಿಂತು ಸಭೆಗೆ ಹೇಳುವಂತೆ ಹೇಳಿದ. “ಗಂಟೆಗೊಂದು ಸಲ ಮೈಕಿನ ಗಾಡಿ ಬಂದು ಕೈ ತೊಳ್ಕೊಳ್ಳಿ, ಕೈ ತೊಳ್ಕೊಳ್ಳಿ ಅಂತ ಕೂಗಿ ಹೋಗುತ್ತೆ. ಯಾವುದ್ರಲ್ಲಿ ತೊಳ್ಕೊಳ್ಳೋದು, ಭರವಸೆಯಲ್ಲಾ? ವೋಟು ಹಾಕಿದ ಮೇಲೆ ಈ ಪುಣ್ಯಾತ್ಮನ ಮುಖ ಯಾರಾದ್ರೂ ನೋಡಿದ್ದೀರಾ?”

ಯಾರೂ ನೋಡಿರಲಿಲ್ಲ. ಕ್ಷೌರದಂಗಡಿಯವನು ಹಿಮ್ಮಡಿ ಊರಿ, ಹದಿನೆಂಟು ದಿನಕ್ಕೆ ಹದಿನೆಂಟು ಸಲ, ಲೆಕ್ಕ ತಪ್ಪದೆ ಹೆಸರನ್ನು ಹೊಸಕಿದ.

ಆಮೇಲೆ ಹೊಲಿಗೆಯಾಕೆ, “ಮಾಸ್ಕ್ ಹೊಲಿದೂ ಹೊಲಿದೂ ಬೆರಳು ತೂತಾಯ್ತು, ಒಂದು ಸಲ ವಿಚಾರಿಸಿದ್ರಾ ಮಹಾರಾಯರು?” ಎನ್ನುತ್ತ ಎರಡನೆಯ ವೃತ್ತಕ್ಕೆ ಕಾಲಿಟ್ಟಳು. ಅಷ್ಟೇ. ಹತ್ತು ನಿಮಿಷದಲ್ಲಿ ನಲವತ್ತು ವೃತ್ತಗಳೂ ಭರ್ತಿಯಾದವು. ಆರಡಿಗೆ ಒಬ್ಬರಂತೆ, ನೂಲು ಹಿಡಿದ ಹಾಗೆ ಸಾಲು. ಯಾರೂ ತಳ್ಳಲಿಲ್ಲ, ಯಾರಿಗೂ ಅವಸರವಿರಲಿಲ್ಲ. ಮುಂದಿನವರು ಸರಿದರೂ ಹಿಂದಿನವರು ತಮ್ಮ ವೃತ್ತವನ್ನು ಬಿಡಲು ಮನಸ್ಸಿಲ್ಲದೆ, “ಇನ್ನೊಂದು ನಿಮಿಷ,” ಎನ್ನುತ್ತಿದ್ದರು. ಅಂಗಡಿ ತಲುಪಿದವರು ಒಂದು ಬೆಂಕಿಪೊಟ್ಟಣ ಕೊಂಡು, ತಿರುಗಿ ಸಾಲಿನ ತುದಿಗೆ ಹೋಗಿ ನಿಲ್ಲುತ್ತಿದ್ದರು. ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಬೆಂಕಿಪೊಟ್ಟಣ ಮುಗಿಯಿತು. ಹನ್ನೊಂದೂವರೆಗೆ ಪಕ್ಕದ ಬೀದಿಯವರು ಬರತೊಡಗಿದರು.

ಹನ್ನೆರಡಕ್ಕೆ ಬಲಗೈ ಬಂದ. ಯಾರೋ ತೆಗೆದ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಅವನನ್ನೂ ಮುಟ್ಟಿತ್ತು. ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

“ಅಳಿಸೋ! ಎಲ್ಲಾ ಅಳಿಸು! ಸದಸ್ಯರು ಹೊರಟಿದ್ದಾರೆ!”

“ಅಳಿಸಿಹೋಗದ ಬಣ್ಣ ತಂದ್ಕೊಟ್ಟೋರು ನೀವೇ ಅಲ್ವಾ ಸಾರ್?”

“ನನಗೇ ಎದುರು ಮಾತಾಡ್ತೀಯಾ? ಉಜ್ಜು! ನಾನು ಇನ್ನಷ್ಟು ಟರ್ಪೆಂಟೈನು ತರ್ತೀನಿ,” ಎಂದು ಬಲಗೈ ಸ್ಕೂಟರ್ ಓಡಿಸಿದ.

ಪೇಂಟರ್ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಕಾಲುಗಳ ಕಾಡಿನೊಳಗೆ ತೆವಳಿದ. ಯಾರೂ ಕಾಲೆತ್ತಲೊಲ್ಲರು. ಒಂಬತ್ತನೆಯ ವೃತ್ತದಲ್ಲಿ ಕಂಡ ಪಾದಗಳು ಎಲ್ಲೋ ನೋಡಿದ ಹಾಗಿದ್ದವು. ತಲೆಯೆತ್ತಿದರೆ ಅವನ ಅತ್ತೆ. ನಾಲ್ಕು ದಿನಕ್ಕೆಂದು ಮಗಳ ಮನೆಗೆ ಬಂದು, ಬಸ್ಸು ನಿಂತುಹೋಗಿ, ಎರಡೂವರೆ ತಿಂಗಳಿಂದ ಅವನ ನಡುಮನೆಯಲ್ಲಿದ್ದ ಹೆಂಗಸು.

“ಅತ್ತೆ, ಸ್ವಲ್ಪ ಕಾಲೆತ್ತಿ.”

“ಅಳಿಯಂದಿರೇ, ಇಷ್ಟು ದಿನದಲ್ಲಿ ನನಗೆ ಸಿಕ್ಕಿರೋ ಮನರಂಜನೆ ಅಂದ್ರೆ ಇದೊಂದೇ. ಕಾಲೆತ್ತಲ್ಲ.”

ಅತ್ತೆಯ ಪಾದದ ಸುತ್ತ ಸಿಕ್ಕಿದಷ್ಟನ್ನೇ ಅವನು ಉಸಿರು ಕಟ್ಟಿ ಉಜ್ಜಿದ. ಸದಸ್ಯರ ಹೆಸರು ಹೋಯಿತು. ಅದರ ಮೇಲಿನ ‘ಜನ’ ಹೋಯಿತು. ತುದಿಯ ‘ಕ’ ಹೋಯಿತು. ಅಷ್ಟರಲ್ಲಿ ಬಟ್ಟೆಯೇ ಹರಿಯಿತು. ನಡುವೆ ‘ನಾಯ’ ಎಂಬುದು ಮಾತ್ರ ಕಲ್ಲಿನಂತೆ ಉಳಿಯಿತು.

ಕ್ಷೌರದಂಗಡಿಯವನು ಬಗ್ಗಿ ನೋಡಿದ. “ಇಷ್ಟು ದೂರ ಬಂದಿದ್ದೀರಲ್ಲ ಪೇಂಟರೇ, ಯ ಮೇಲೆ ಒಂದು ಗುಡಿಸು ಹಾಕ್ಬಿಡಿ. ಪೂರ್ತಿ ಆಗುತ್ತೆ.”

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಸ್ಕಿನೊಳಗಿನ ನಗು, ಮುಚ್ಚಳದ ಕೆಳಗೆ ಕುದಿಯುವ ನೀರಿನಂತೆ ಗುಳುಗುಳು ಎಂದಿತು.

ಆ ನಗುವಿನ ನಡುವೆ ಕಾರೊಂದು ಬಂದು ನಿಂತು, ಅದರಿಂದ ಮಾಸ್ಕ್ ತೊಟ್ಟ ಒಬ್ಬ ದಢೂತಿ ಮನುಷ್ಯ ಇಳಿದು ನೆಟ್ಟಗೆ ಅಂಗಡಿಯ ಕಟ್ಟೆಗೆ ನುಗ್ಗಿದ.

“ಯಾವನಯ್ಯ ಇದನ್ನ ಬರೆದದ್ದು?”

“ಕ್ಯೂನಲ್ಲಿ ಬನ್ನಿ,” ಎಂದ ದಿನಸಿ ಅಂಗಡಿಯವನು ತಲೆಯೆತ್ತದೆ.

“ನಾನು ಯಾರು ಗೊತ್ತಾ? ಈ ವಾರ್ಡಿನ ಸದಸ್ಯ!”

ಅಂಗಡಿಯವನು ನೋಡಿದ. ಬೀದಿಯೂ ನೋಡಿತು. ಚುನಾವಣೆಯ ಪೋಸ್ಟರಿನಲ್ಲಿ ಅವರು ಕಂಡದ್ದು ಮೂವತ್ತೆರಡು ಹಲ್ಲು. ಇಲ್ಲಿ ಹಲ್ಲಿದ್ದ ಜಾಗದಲ್ಲಿ ಬಟ್ಟೆ ಇತ್ತು.

“ಹಾಗೆ ಎಲ್ಲರೂ ಹೇಳ್ತಾರೆ,” ಎಂದಳು ಹೊಲಿಗೆಯಾಕೆ.

“ಬೇಕಾದ್ರೆ ಮಾಸ್ಕ್ ತೆಗೆದು ತೋರಿಸ್ತೀನಿ!”

“ತೆಗೆದ್ರೆ ಸಾಮಾನು ಕೊಡಲ್ಲ. ಸದಸ್ಯರ ಆಫೀಸಿನದೇ ಆರ್ಡರ್ರು, ನೋಡಿ,” ಎಂದು ಅಂಗಡಿಯವನು ಗೋಡೆಯ ಮೇಲಿನ ಕಾಗದ ತೋರಿಸಿದ.

ಬಲಗೈ ಇದ್ದಿದ್ದರೆ ಗುರುತು ಹೇಳುತ್ತಿದ್ದ. ಅವನು ಟರ್ಪೆಂಟೈನಿಗೆ ಹೋಗಿದ್ದ. ಸಾಲಿನಲ್ಲಿದ್ದವರೆಲ್ಲ ಒಂದೇ ಕಡೆ ಬೆರಳು ಮಾಡಿದರು. ಸದಸ್ಯರು ಸಾಲಿನ ತುದಿಗೆ ಹೋಗಿ, ಆಗಷ್ಟೇ ತೆರವಾದ ಕಟ್ಟಕಡೆಯ ವೃತ್ತದಲ್ಲಿ, ತಮ್ಮದೇ ಹೆಸರಿನ ಮೇಲೆ ಎರಡೂ ಕಾಲೂರಿ ನಿಂತರು. ಪೇಂಟರ್ ಅಂಗಡಿಯ ಖಾಲಿ ಪೆಟ್ಟಿಗೆಗಳ ಹಿಂದೆ ಕುಕ್ಕರಿಸಿ, ನೆಲ ಬಿರಿದು ತನ್ನನ್ನು ನುಂಗಲಿ ಎಂದು ಬೇಡಿಕೊಂಡ. ಅವನ ಕಾಲಕೆಳಗಿನ ನೆಲ ಕಾಂಕ್ರೀಟಿನದು, ಬಿರಿಯಲಿಲ್ಲ.

ಆ ಹೊತ್ತಿಗೇ ಆರೋಗ್ಯಾಧಿಕಾರಿಣಿಯ ಜೀಪು ಬಂತು. ಆಕೆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತ ನಡೆದು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದಳು.

“ಹದಿಮೂರು ವಾರ್ಡು ಸುತ್ತಿ ಬಂದೆ. ಎಲ್ಲಾ ಕಡೆ ಒಬ್ಬರ ಮೇಲೊಬ್ಬರು. ಇಷ್ಟು ಶಿಸ್ತು ಎಲ್ಲೂ ಕಾಣಲಿಲ್ಲ! ಓಹೋ, ಮೀಟಿಂಗಿನಲ್ಲಿ ನೋಡಿದ ಇದೇ ಮಾಸ್ಕು! ಸದಸ್ಯರು ತಾವೇ ಕ್ಯೂನಲ್ಲಿ ನಿಂತಿದ್ದೀರಾ? ಇದು ಯಾರ ಯೋಚನೆ?”

ಉಗಿಯಲು ಬಾಯಿ ತೆರೆದಿದ್ದ ಸದಸ್ಯರು ಅದೇ ಬಾಯಲ್ಲಿ ನಕ್ಕರು. “ನನ್ನದೇ ಮೇಡಂ. ಏನೋ ನಮ್ಮ ಅಳಿಲು ಸೇವೆ.”

ಅವರು ಸದಸ್ಯರೇ ಎಂದು ಖಾತ್ರಿಯಾದದ್ದೇ ತಡ, ಬೀದಿ ಬಾಯಿಬಿಟ್ಟಿತು. ಒಬ್ಬೊಬ್ಬರೂ ಅವರವರ ವೃತ್ತದಿಂದಲೇ, ಸರದಿ ತಪ್ಪದೆ ಕೂಗಿದರು: ಹದಿನೆಂಟು ದಿನದ ನಲ್ಲಿ, ಕಟ್ಟಿಕೊಂಡ ಚರಂಡಿ, ಡಾಕ್ಟರಿಲ್ಲದ ಆಸ್ಪತ್ರೆ, ಚೆನ್ನಾಗಿದ್ದೀರಾ ಎಂದು ಕೇಳಲು ಕೂಡ ಬಾರದ ಸದಸ್ಯರು. ಅಧಿಕಾರಿಣಿ ಅಲ್ಲೇ ನಿಂತು ನೀರಿನ ಇಲಾಖೆಗೆ ಫೋನು ಹಚ್ಚಿದಳು. ಆಕೆಯ ಎದುರು ಸದಸ್ಯರೂ ಫೋನು ಹಚ್ಚಲೇಬೇಕಾಯಿತು. ಎರಡು ಗಂಟೆಗೆ ಬೀದಿಯ ನಲ್ಲಿಗಳು ಮುದುಕರಂತೆ ಕೆಮ್ಮಿ, ಕ್ಯಾಕರಿಸಿ, ಕೊನೆಗೆ ನೀರು ಬಿಟ್ಟವು.

“ಒಂದೇ ತೊಂದರೆ,” ಎಂದಳು ಅಧಿಕಾರಿಣಿ. “ಸಾರ್ವಜನಿಕ ಕೆಲಸದಲ್ಲಿ ರಾಜಕೀಯದವರ ಹೆಸರು ಇರಬಾರದು. ಅದರ ಮೇಲೆ ಕಪ್ಪು ಬಳಿಸಿಬಿಡಿ.”

ಪೇಂಟರ್ ಪೆಟ್ಟಿಗೆಗಳ ಹಿಂದಿನಿಂದ ಎದ್ದು ಬಂದು ಅವಸರದಲ್ಲಿ ಕಪ್ಪು ಬಳಿದ. ಹೆಸರು ಮುಚ್ಚಿದ ಹತ್ತೇ ನಿಮಿಷಕ್ಕೆ ವೃತ್ತಗಳು ಖಾಲಿಯಾಗಿ, ಜನವೆಲ್ಲ ಬೆಲ್ಲಕ್ಕೆ ಮುತ್ತಿದ ಇರುವೆಯಂತೆ ಅಂಗಡಿಯ ಕಟ್ಟೆಗೆ ಮುತ್ತಿದರು. ಅಧಿಕಾರಿಣಿ ತಲೆ ಚಚ್ಚಿಕೊಂಡಳು.

“ಹೆಸರಿದ್ರೇನೇ ನಿಲ್ಲೋದು ಮೇಡಂ,” ಎಂದ ಕ್ಷೌರದಂಗಡಿಯವನು. “ಬರೀ ರೌಂಡಿನಲ್ಲಿ ನಿಲ್ಲೋಕೆ ನಾವೇನು ಪ್ರೈಮರಿ ಮಕ್ಕಳಾ?”

ಸದಸ್ಯರ ಕಣ್ಣಿನಲ್ಲಿ ಏನೋ ಹೊಳೆಯಿತು. ಪೇಂಟರನ ಹೆಗಲ ಮೇಲೆ ಕೈಯಿಟ್ಟರು. “ಹಾಗಾದ್ರೆ ಬರೆದ ಕಲಾವಿದನ ಹೆಸರೇ ಇರ್ಲಿ ಮೇಡಂ. ಶ್ರಮ ಅವನದು, ಗೌರವವೂ ಅವನಿಗೇ ಸಲ್ಲಲಿ.”

ಪೇಂಟರ್ ಬಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡ. ಇಪ್ಪತ್ತೆರಡು ವರ್ಷ ಊರಿನವರ ಹೆಸರನ್ನೆಲ್ಲ ಬರೆದಿದ್ದ: ಅಂಗಡಿಯವರದು, ವಕೀಲರದು, ಗೆದ್ದವರದು, ಸೋತವರದು. ತನ್ನದನ್ನು ಬರೆ ಎಂದು ಯಾರೂ ಹೇಳಿರಲಿಲ್ಲ. ಅಲ್ಲದೆ ಹೆದರಿಕೆ ಯಾತಕ್ಕೆ? ಸದಸ್ಯರನ್ನು ತುಳಿದವರು ತನ್ನನ್ನು ತುಳಿದಾರೆಯೇ? ತಾನೇನು ನೀರು ನಿಲ್ಲಿಸಿದವನೇ? ಅಕ್ಕಪಕ್ಕದವರ ಪ್ರೀತಿ ತನ್ನ ಮೇಲೆ ಎಷ್ಟೆಂದು ತನಗೆ ಗೊತ್ತಿಲ್ಲವೇ? ಕಾಲಿಡಲು ಮನಸ್ಸಾಗದೆ ವೃತ್ತದಂಚಿನಲ್ಲಿ ತುದಿಗಾಲಲ್ಲಿ ನಿಂತಾರು, ಪಾಪ. ಕಪ್ಪಿನ ಮೇಲೆ ಬಿಳಿ ಬಣ್ಣದಲ್ಲಿ ನಲವತ್ತು ಸಲ ತನ್ನ ಹೆಸರು ಬರೆದ. ಜೀವಮಾನದಲ್ಲಿ ಅಷ್ಟು ಚೆಂದದ ಅಕ್ಷರ ಬರೆದಿರಲಿಲ್ಲ.

ಸಂಜೆ ಆರು ಗಂಟೆಗೆ ಅಂಗಡಿ ಮತ್ತೆ ತೆರೆಯಿತು. ಮೊದಲನೆಯ ವೃತ್ತಕ್ಕೆ ಕ್ಷೌರದಂಗಡಿಯವನು ಬಂದ. ಕಾಲಲ್ಲಿ ಬೂಟು ಹಾಗೇ ಇತ್ತು.

“ನೀವೂನಾ?” ಎಂದ ಪೇಂಟರ್.

“ನೀವು ಬೇಜಾರು ಮಾಡ್ಕೋಬೇಡಿ. ನನ್ನ ಅಂಗಡಿ ಬೋರ್ಡಿನ ಮೇಲೆ ಕೇಶಾಲಂಕಾರ ಅಂತ ಇರಬೇಕಿತ್ತು. ನೀವು ಕ್ಲೇಶಾಲಂಕಾರ ಅಂತ ಬರೆದಿರಿ. ಏಳು ವರ್ಷ ಆಯ್ತು.” ಹಿಮ್ಮಡಿ ಏಳು ಸಲ ತಿರುಗಿತು.

ಹೊಲಿಗೆಯಾಕೆ ಎರಡನೆಯದಕ್ಕೆ ಬಂದಳು. “ನನ್ನ ಬೋರ್ಡು ನಾಳೆ ಬರೆದು ಕೊಡ್ತೀನಿ ಅಂದಿದ್ರಿ. ಆಗ ಮಗಳಿಗೆ ಮದುವೆ ಆಗಿರಲಿಲ್ಲ. ಈಗ ಮೊಮ್ಮಗು ಓಡಾಡ್ತಿದೆ.”

ಅತ್ತೆ ಮೂರನೆಯದಕ್ಕೆ ಬಂದರು. “ಎರಡೂವರೆ ತಿಂಗಳಿಂದ ನಿಮ್ಮ ಗೊರಕೆ ಕೇಳ್ತಿದ್ದೀನಿ ಅಳಿಯಂದಿರೇ,” ಎಂದಷ್ಟೇ ಹೇಳಿ ಭದ್ರವಾಗಿ ನಿಂತರು.

ಒಬ್ಬರ ಹಿಂದೊಬ್ಬರು ಬಂದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಕುಶಲ ಕೇಳುತ್ತ, ಅಕ್ಷರ ಬಹಳ ಚೆನ್ನಾಗಿದೆ ಎಂದು ಹೊಗಳುತ್ತ, ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ಪಾದ ಊರಿದರು. ಆರಡಿಗೆ ಒಬ್ಬರಂತೆ ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು. ಪೇಂಟರ್ ಒಂದೊಂದೇ ವೃತ್ತ ದಾಟಿ, ತುಳಿಯದ ಹೆಸರು ಒಂದಾದರೂ ಉಳಿದೀತೆ ಎಂದು ಹುಡುಕುತ್ತ ಕೊನೆಯವರೆಗೆ ನಡೆದ.

ನಲವತ್ತನೆಯ ವೃತ್ತದ ಮುಂದೆ ಅವನ ಹೆಂಡತಿ ನಿಂತಿದ್ದಳು. ಹಬ್ಬಹರಿದಿನಕ್ಕೂ ಪೆಟ್ಟಿಗೆಯಿಂದ ತೆಗೆಯದ ಹೊಸ ಚಪ್ಪಲಿ ಕಾಲಲ್ಲಿತ್ತು.

“ನೀನೂ ಬಂದ್ಯಾ?”

“ಮದುವೆಯಾಗಿ ಬಂದಾಗಿನಿಂದ ನಮ್ಮನೆ ಗೋಡೆಗೆ ಒಂದು ಸಲ ಬಣ್ಣ ಬಳಿದಿದ್ದೀರಾ?” ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸ್ವಲ್ಪ ಆಚೆ ಸರೀರಿ. ನೀವು ಅಡ್ಡ ನಿಂತು ನೆರಳು ಬೀಳ್ತಿದೆ, ಹೆಸರು ಎಲ್ಲಿದೆ ಅಂತಾನೇ ಕಾಣ್ತಿಲ್ಲ.”