ಇಪ್ಪತ್ತು ತಲೆಗಳ ವ್ಯಾಪಾರ

ಇಪ್ಪತ್ತು ತಲೆ. ವರ್ಷ ಮುಗಿಯುವುದರೊಳಗೆ ಅಷ್ಟು ಸದಸ್ಯರನ್ನು ತೋರಿಸಿದರೆ ನಮ್ಮ ಮಳವಳ್ಳಿಯ ಸೇವಾ ಸಂಘ ಉಳಿಯುತ್ತದೆ, ಇಲ್ಲದಿದ್ದರೆ ಮದ್ದೂರಿನ ಸಂಘಕ್ಕೆ ಸೇರಿಸಿಬಿಡುತ್ತೇವೆ ಎಂದು ಮಂಡ್ಯದಿಂದ ಸಂಘದ ಜಿಲ್ಲಾಧ್ಯಕ್ಷರು ಹೇಳಿಕಳಿಸಿದರು. ನಮ್ಮಲ್ಲಿದ್ದವರು ಹನ್ನೆರಡು. ನಾನು ಬೆಲ್ಲದ ಮಂಡಿಯವನು. ನಡೆಯದ ಅಂಗಡಿಗೆ ಬೀಗ ಹಾಕುವುದು ನನಗೇನೂ ಕಷ್ಟವಲ್ಲ. ಆದರೆ ಆ ವರ್ಷ ಅಧ್ಯಕ್ಷ ನಾನೇ. ಮದ್ದೂರಿನವರ ಕೈಕೆಳಗೆ ಕೂತರೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಸೇವೆಗೆ ಇಳಿದವನಿಗೆ ಫಜೀತಿಗೇನು ಬರ!

ಪೂರಿಗಾಲಿಯ ರಕ್ತ

ರಕ್ತದಾನ ಶಿಬಿರ ಮಾಡಿದರೆ ಹೊಸ ಸದಸ್ಯರು ಸಿಗುತ್ತಾರೆಂದು ಪೂರಿಗಾಲಿಗೆ ಹೋದೆವು. ಆಟೋಗೆ ಮೈಕು ಕಟ್ಟಿ, "ರಕ್ತ ಕೊಡಿ, ಬಾಡೂಟ ಐತೆ" ಎಂದು ಕೂಗಿಸಿದೆವು. ಯಾವುದು ಮೊದಲು ಎಂದು ಹೇಳುವುದನ್ನು ಮರೆತೆವು. ಊರಿಗೆ ಊರೇ ಬಂತು. ಮುದ್ದೆ, ಮಟನ್ ಸಾರು ಖಾಲಿಯಾದಾಗ ರಕ್ತ ತೆಗೆಯುವ ಮಂಚಗಳೂ ಖಾಲಿ. ಕೈ ತೊಳೆದು ಹೊರಟಿದ್ದ ಒಬ್ಬ ಗಟ್ಟಿಮುಟ್ಟಾದ ರೈತನನ್ನು ತಡೆದೆ.

"ಏನಪ್ಪ, ರಕ್ತ?"

"ಕೊಡ್ತೀನಿ ಬುಡಿ ಸಾವ್ಕಾರ್ರೆ. ಈಗ ಉಂಡಿರೋದು ಮೊದ್ಲು ರಕ್ತ ಆಗ್ಬ್ಯಾಡ್ವಾ?"

ಮುತ್ತತ್ತಿಯ ಕಸ

ಪೇಪರಿನಲ್ಲಿ ಫೋಟೊ ಬಂದರೆ ಜನ ತಾವಾಗಿಯೇ ಸೇರುತ್ತಾರೆ ಎಂದ ನಮ್ಮ ಕಾರ್ಯದರ್ಶಿ, ಔಷಧಿ ಅಂಗಡಿಯವನು. ಬಿಳಿ ಅಂಗಿ ತೊಟ್ಟು, ಹೊಸ ಪೊರಕೆ ಹಿಡಿದು ಮುತ್ತತ್ತಿಯ ಹೊಳೆದಂಡೆಗೆ ಹೋದೆವು. ನೋಡಿದರೆ ಕಸವೇ ಇಲ್ಲ!

"ಯಾರೋ ದೊಡ್ಡೋರು ಬತ್ತಾರೆ ಅಂತ ಬೆಳಗ್ಗೇನೇ ಗುಡ್ಸಿದ್ರು" ಎಂದಳು ಹೂ ಮಾರುವ ಹೆಂಗಸು.

"ಯಾರಮ್ಮ ದೊಡ್ಡೋರು?"

"ನೀವೇಯ!"

ಬರಿಗೈಲಿ ಹಿಂತಿರುಗುವುದು ವ್ಯಾಪಾರಸ್ಥನಿಗೆ ಒಗ್ಗುವುದಿಲ್ಲ. ಪುರಿ, ಕಳ್ಳೇಕಾಯಿ ತರಿಸಿ ನಾವೇ ಚೆಲ್ಲಿದೆವು. ಫೋಟೊದವನು ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಕೋತಿಗಳ ಹಿಂಡು ಇಳಿದು ಒಂದು ಕಾಳೂ ಬಿಡದಂತೆ ಬಳಿದು ತಿಂದಿತು. ಒಂದು ಕೋತಿ ಕಾರ್ಯದರ್ಶಿಯ ಪೊರಕೆಯನ್ನೂ ಕಿತ್ತುಕೊಂಡು ಮರ ಹತ್ತಿತು.

"ಇವುನ್ನೇ ಮೆಂಬರ್ ಮಾಡ್ಕಳಿ ಸಾವ್ಕಾರ್ರೆ" ಎಂದಳು ಹೂವಿನವಳು. "ಕೆಲ್ಸನಾದ್ರೂ ಮಾಡ್ತವೆ."

ಎರವಲು ತಲೆಗಳು

ಕೊನೆಗೆ ನಾಚಿಕೆ ಬಿಟ್ಟು ಮದ್ದೂರು ಸಂಘದ ಅಧ್ಯಕ್ಷನಿಗೇ ಫೋನು ಮಾಡಿದೆ. ರೈಸ್ ಮಿಲ್ಲಿನವನು, ನನ್ನ ಹಳೇ ಪೈಪೋಟಿಗಾರ.

"ಎಂಟು ತಲೆ ಸಾಲ ಬೇಕು ಕಣ್ಲಾ."

"ಲೇ, ನಾನೇ ನಿಂಗೆ ಫೋನ್ ಮಾಡಾನ ಅಂತಿದ್ದೆ ಕಣ್ಲಾ! ನಮ್ಮಲ್ಲೂ ಅನ್ನೆರಡೇಯ. ನಮ್ಮುನ್ನ ನಿಮ್ಗೆ ಸೇರುಸ್ತಾರಂತೆ!"

ವ್ಯಾಪಾರ ಅಲ್ಲೇ ಕುದುರಿತು. ತಲೆ ಎಣಿಸಲು ಜಿಲ್ಲಾಧ್ಯಕ್ಷರು ಬೆಳಿಗ್ಗೆ ಮದ್ದೂರಿಗೆ ಬಂದಾಗ ನಮ್ಮ ಎಂಟು ಜನ ಅಲ್ಲಿ ಕೂರುವುದು, ಸಂಜೆ ಮಳವಳ್ಳಿಗೆ ಬಂದಾಗ ಅವರ ಎಂಟು ಜನ ಇಲ್ಲಿ.

ಸಂಜೆ ಜಿಲ್ಲಾಧ್ಯಕ್ಷರು ಹಾರ ಹಾಕಿಸಿಕೊಂಡು, ಮುಂದಿನ ಸಾಲಿನಲ್ಲಿದ್ದ ಮದ್ದೂರಿನ ದಪ್ಪ ಮೀಸೆಯವನನ್ನೇ ದಿಟ್ಟಿಸಿದರು.

"ನಿಮ್ಮನ್ನ ಬೆಳಿಗ್ಗೆ ಮದ್ದೂರಲ್ಲಿ ನೋಡಿದ್ನಲ್ಲ?"

"ಅವ್ನು ನಮ್ಮಣ್ಣ ಸಾರ್. ಅವಳಿ-ಜವಳಿ."

"ಪಕ್ಕದವರು?"

"ಅವ್ರೂ ಅವಳಿನೇ ಸಾರ್."

"ಅವರ ಪಕ್ಕದವರು?"

ಮೀಸೆಯವನು ಬೆವರು ಒರೆಸಿಕೊಂಡ. "ನಮ್ ಕಡೆ ನೀರೇ ಅಂಗೆ ಸಾರ್."

ಸಂಘದ ಕತೆ ಮುಗಿಯಿತು ಎಂದುಕೊಂಡೆ. ಜಿಲ್ಲಾಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಾಗಿದರು.

"ನಾಳೆ ರಾಜ್ಯಾಧ್ಯಕ್ಷರು ಮಂಡ್ಯಕ್ಕೆ ಬರ್ತಾವ್ರೆ ಕಣ್ರೀ. ನನ್ನ ಸಂಘದಲ್ಲಿ ಇರೋದೇ ಒಂಬತ್ತು ಜನ. ಈ ಅವಳಿಗಳನ್ನೆಲ್ಲ ಕರ್ಕೊಂಡು ಬಂದುಬಿಡಿ."

ಹಿಡಿತ ಸಿಕ್ಕಿದಾಗ ಬಿಡುವವನು ವ್ಯಾಪಾರಿಯಲ್ಲ. "ಬಾಡೂಟ ಇದ್ಯಾ ಸಾರ್?"

"ಇದೆ ಬನ್ರೀ!"

ಒಟ್ಟು ಲಾಭ ಇಷ್ಟು: ಮೂರು ಊರಿನ ಮೂರು ಸಂಘ ಉಳಿದವು, ಮಂಡ್ಯದಲ್ಲಿ ಒಳ್ಳೇ ಊಟವಾಯಿತು, ಹೊಸ ಸದಸ್ಯನೂ ಒಬ್ಬ ಸಿಕ್ಕಿದ. ಪೂರಿಗಾಲಿಯ ಅದೇ ರೈತ. ಊಟದ ಸುದ್ದಿ ಕೇಳಿ ತಾನಾಗಿಯೇ ವ್ಯಾನು ಹತ್ತಿದ. ರಕ್ತ ಮಾತ್ರ ಇವತ್ತಿನವರೆಗೂ ಕೊಟ್ಟಿಲ್ಲ. ಇನ್ನೂ ಆಗ್ತಾ ಅದಂತೆ.