ರಸ್ತೆಗೆ ಅಡ್ಡ ಬಂದ ಸಮಾಧಿ

ಸರ್ಕಾರದ ಪರವಾಗಿ ಜನರ ಭೂಮಿ ಅಳೆದು ತೆಗೆದುಕೊಳ್ಳುವವನ ಜೊತೆ ಯಾರೂ ಕೂತು ನಗುವುದಿಲ್ಲ. ಆದರೂ ನಗೆಯ ಪ್ರಸಂಗಗಳು ಅವನಿಗೇ ಹೆಚ್ಚು ಒದಗುತ್ತವೆ. ಮಹಾಯುದ್ಧಕ್ಕೆ ಮುಂಚೆ ನಾನು ಆಗಿನ ಬಳ್ಳಾರಿ ಜಿಲ್ಲೆಯ ಆದವಾನಿಯಲ್ಲಿ ಆ ಕೆಲಸದಲ್ಲಿದ್ದೆ. ಹತ್ತಿ ಬಂಡಿಗಳಿಗೆಂದು ಪೆದ್ದಕಡುಬೂರಿನ ಕಡೆಗೆ ರಸ್ತೆ ಹಾಕಬೇಕಿತ್ತು.

೧. ಬಾಡಿಗೆ ಮನೆ

ಒಬ್ಬ ಹತ್ತಿ ವ್ಯಾಪಾರಿಯ ಮನೆಯನ್ನು ಬಾಡಿಗೆಗೆ ಕೇಳಿದೆ. ಆತ ಕಾಫಿ ಕೊಟ್ಟ, ಮನೆ ಕೊಡಲಿಲ್ಲ.

"ಖಾಲಿ ಇದೆಯಲ್ಲ?"

"ಐತ್ರಿ. ಆದ್ರ ನೀವು ಕಾಲಿಟ್ಟ ಜಾಗ ತಿರುಗಿ ಬಂದದ್ದು ಈ ಊರಾಗ ಯಾರೂ ನೋಡಿಲ್ರಿ."

ಹನ್ನೊಂದು ತಿಂಗಳು ಮುಸಾಫರಿ ಬಂಗಲೆಯಲ್ಲಿ ಒಬ್ಬನೇ ಉಂಡೆ.

೨. ಬೂಟಿನ ದಾರ

ಒಂದು ದಿನ ಹೊಲದ ಬದುವಿನ ಮೇಲೆ ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ. ತಲೆ ಎತ್ತುವಷ್ಟರಲ್ಲಿ ಹೊಲದವನು ಏದುಸಿರು ಬಿಡುತ್ತ ನಿಂತಿದ್ದ.

"ಏನು ಬರಕೊಂಡ್ರಿ ದೊರಿ?"

"ಏನೂ ಬರೆದಿಲ್ಲ. ಬೂಟು ಕಟ್ಟಿಕೊಂಡೆ."

"ಹಂಗಾದ್ರ ಅದನ್ನಾರ ಬರದು ಕೊಡ್ರಿ."

ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟೆ.

೩. ಐದು ಸಮಾಧಿ

ಅಲ್ಲಿನ ಶೈವ ಮನೆತನದವರು ಸತ್ತವರನ್ನು ತಮ್ಮ ಹೊಲದಲ್ಲೇ ಹೂಳುತ್ತಾರೆ. ಸಮಾಧಿ ಅಡ್ಡ ಬಂದರೆ ರಸ್ತೆಯನ್ನು ಸರಿಸಲು ಬಳ್ಳಾರಿಯ ಕಲೆಕ್ಟರಿಗೆ ಬರೆಯುವೆನೆಂದು ಚಾವಡಿಯಲ್ಲಿ ಹೇಳಿದ್ದೇ ತಪ್ಪಾಯಿತು. ಮರುದಿನ ರಸ್ತೆಯ ಗುರುತಿನುದ್ದಕ್ಕೂ ಐದು ಹೊಸ ಸಮಾಧಿಗಳು. ನಾಲ್ಕನ್ನು ಅಲ್ಲೇ ಕೆಡವಿಸಿದೆ.

ಐದನೆಯದರ ಪಕ್ಕದಲ್ಲಿ ಒಂದು ಹಳೆಯ ಸಮಾಧಿಯಿತ್ತು. ಎರಡರ ನಡುವೆ ಮುದುಕನೊಬ್ಬ ಕೂತಿದ್ದ.

"ಈ ಹಳೇದು ಯಾರದು?"

"ನನ್ನ ಹೆಂಡ್ತಿದ್ರಿ."

"ಈ ಹೊಸದು?"

"ನಂದ್ರಿ."

"ಸುಳ್ಳು ಸಮಾಧಿ ನಡೆಯುವುದಿಲ್ಲ."

"ಸುಳ್ಳಲ್ರಿ ದೊರಿ. ನಾ ಬರೋದು ಸ್ವಲ್ಪ ತಡ ಆಗೇತಿ, ಅಷ್ಟ." ಆಮೇಲೆ ದನಿ ತಗ್ಗಿಸಿ ಹೇಳಿದ: "ಹೊಲ ಪೂರಾ ತಗೊಳ್ರಿ. ಆಕಿ ಮ್ಯಾಲೆ ಬಂಡಿ ಹೊಡಸಬ್ಯಾಡ್ರಿ."

ಹೊಸದನ್ನೂ ಕೆಡವಿಸಿ, ಹಳೆಯದು ನಿಜವೆಂದು ಕಲೆಕ್ಟರಿಗೆ ಬರೆದೆ. ಎರಡು ತಿಂಗಳ ಮೇಲೆ ರಸ್ತೆ ಸರಿಸಲು ಹುಕುಂ ಬಂತು. ನೋಟೀಸು ಕಳಿಸಿದರೆ ಸಾಕಿತ್ತು. ನಾನೇ ಹೋಗಿ ಹೇಳಿದೆ. ಮುದುಕ ನನ್ನನ್ನು ಸಮಾಧಿಯ ಪಕ್ಕ ಕೂರಿಸಿದ. ಮಜ್ಜಿಗೆ ಕೊಟ್ಟ. ಆಮೇಲೆ ಕೇಳಿದ:

"ಮನ್ಯಾಗ ಯಾರ್ಯಾರ ಅದಾರ್ರಿ?"

"ಯಾರೂ ಇಲ್ಲ."

ಅವನು ತನ್ನ ಹೆಂಡತಿಯ ಸಮಾಧಿ ನೋಡಿದ, ತನಗೆಂದು ಇಟ್ಟುಕೊಂಡ ಜಾಗ ನೋಡಿದ, ಅದರಾಚೆಯ ನೆಲವನ್ನೂ ನೋಡಿದ.

"ಆ ಕಡಿಗೆ ಇನ್ನೊಬ್ರಿಗೆ ಜಾಗ ಐತ್ರಿ. ನಿಮಗ ಇರ್ಲಿ."

ಬೇಡವೆನ್ನಲು ಮನಸ್ಸಿರಲಿಲ್ಲ. ಆದರೂ ನಿಯಮ ನಿಯಮವೇ.

"ಸರ್ಕಾರಿ ನೌಕರ ಜನರಿಂದ ಉಡುಗೊರೆ ತೆಗೆದುಕೊಳ್ಳುವಂತಿಲ್ಲ," ಎಂದೆ.

"ಹಂಗಾದ್ರ ಬಿಡ್ರಿ," ಎಂದ ಮುದುಕ. "ಎಲ್ಲಾರ್ದು ತಗೊಂಡಂಗ ಜುಲುಮಿಲೆ ತಗೊಳ್ರಿ."